ಒಳಚರಂಡಿ ಗುಂಡಿಗೆ ಹಲಗೆ ಯಾರು ಕೊಡಬೇಕು?

ದಾವಣಗೆರೆ: ಪೇಟೆ ಬೀದಿಯಲ್ಲಿ ಒಳಚರಂಡಿ ಕೆಲಸ ಶುರುವಾಯಿತೆಂದರೆ ಅಂಗಡಿಯವರ ದೂರು ಮೂರು. ಧೂಳು, ವ್ಯಾಪಾರ ನಷ್ಟ, ಗಿರಾಕಿ ಒಳಗೆ ಬರಲು ದಾರಿ ಇಲ್ಲ. ಬಸ್ಸಿನವರ ದೂರು ಒಂದೇ: ಸುತ್ತು ಹಾಕಿ ಹೋಗಬೇಕು, ಆಫೀಸಿಗೆ ತಡ. ಎಲ್ಲವೂ ನ್ಯಾಯವಾದ ದೂರೇ. ಆದರೆ ಗುಂಡಿಯ ತಳದಲ್ಲಿ ಬಗ್ಗಿ ಕೊಳವೆಗೆ ಕೊಳವೆ ಕೂಡಿಸುವವನ ದೂರು ಯಾರ ಕಿವಿಗೂ ಬೀಳುವುದಿಲ್ಲ. ಅವನ ಎರಡೂ ಪಕ್ಕದಲ್ಲಿ ಆಳೆತ್ತರ ಮಣ್ಣು ನಿಂತಿರುತ್ತದೆ. ಅದು ಯಾವುದರ ಆಸರೆಯಲ್ಲಿ ನಿಂತಿದೆ ಎಂದು ಬಗ್ಗಿ ನೋಡಿದವರು ಕಡಿಮೆ.

ಕುಡಿಯುವ ನೀರಿನ ಪೈಪಿಗೆ ಮೂರಡಿ ಅಗೆದರೆ ಸಾಕು. ಇದಕ್ಕೇಕೆ ಇಷ್ಟು ಆಳ ಎಂದು ಕೇಳುವವರುಂಟು. ಕಾರಣ ಸರಳ. ನಲ್ಲಿ ನೀರನ್ನು ಒತ್ತಡ ತಳ್ಳುತ್ತದೆ. ಕೊಳಚೆ ನೀರು ತನ್ನಷ್ಟಕ್ಕೆ ಇಳಿದು ಹೋಗಬೇಕು. ಆದ್ದರಿಂದ ಕೊಳವೆಗೆ ಉದ್ದಕ್ಕೂ ಇಳಿಜಾರು ಬೇಕು. ನೂರು ಅಡಿಗೆ ಒಂದು ಅಡಿ ಇಳಿಜಾರು ಎಂದಿಟ್ಟುಕೊಳ್ಳಿ. ಸಮತಟ್ಟಾದ ಬೀದಿಯ ತಲೆಯಲ್ಲಿ 3 ಅಡಿ ಆಳದಿಂದ ಹೊರಟ ಲೈನು 600 ಅಡಿ ಸಾಗುವಷ್ಟರಲ್ಲಿ 9 ಅಡಿ ಕೆಳಗಿರುತ್ತದೆ. ಬೀದಿಯ ಆ ತುದಿಯಲ್ಲಿ ಸೊಂಟದ ಮಟ್ಟ ಇದ್ದ ಗುಂಡಿ ಈ ತುದಿಯಲ್ಲಿ ಆಳು ಮುಳುಗಿ ಮೇಲೆ ಮೂರಡಿ ಉಳಿಯುವಷ್ಟಾಗುತ್ತದೆ. ಕೆಲಸ ಅದೇ, ಆಳು ಅದೇ, ಕೂಲಿ ಹೆಚ್ಚೂಕಡಿಮೆ ಅದೇ. ಅಪಾಯ ಮಾತ್ರ ಅದೇ ಅಲ್ಲ.

ಐದು ಅಡಿಯ ಗೆರೆ

ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಕರಾರಿನ ಸುರಕ್ಷತಾ ನಿಯಮದಲ್ಲಿ ಈ ಸಂಗತಿ ಸ್ಪಷ್ಟವಾಗಿಯೇ ಇದೆ. ಗುಂಡಿ 5 ಅಡಿ, ಅಂದರೆ ಒಂದೂವರೆ ಮೀಟರು ಮುಟ್ಟಿತೋ, ಪಕ್ಕದ ಮಣ್ಣನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಮರದ ಆಸರೆ ಕೊಟ್ಟು ಭದ್ರವಾಗಿ ಹಿಡಿಯಬೇಕು. ಅಗೆದ ಮಣ್ಣನ್ನು ಅಂಚಿನಿಂದ 5 ಅಡಿ, ಅಥವಾ ಗುಂಡಿಯ ಅರ್ಧ ಆಳದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. 4 ಅಡಿ ದಾಟಿದ ಗುಂಡಿಯಲ್ಲಿ ನೂರು ಅಡಿಗೊಂದು ಏಣಿ ಇರಲೇಬೇಕು, ಅದು ನೆಲದಿಂದ 3 ಅಡಿ ಮೇಲೆ ಚಾಚಿರಬೇಕು. ಅಡಿಯಲ್ಲಿ ಕೊರೆದು ಮೇಲಿನ ಮಣ್ಣು ಕೆಡವುವುದು ಯಾವ ಕಾರಣಕ್ಕೂ ಕೂಡದು. ಅಗೆತದ ಸುರಕ್ಷತೆಗೆಂದೇ ಭಾರತೀಯ ಮಾನಕ 3764 ಎಂಬ ಸಂಹಿತೆಯೂ ಉಂಟು. 1966ರಲ್ಲಿ ಬಂದದ್ದು, 1992ರಲ್ಲಿ ಪರಿಷ್ಕಾರವಾಯಿತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿತು. ಕಾಗದಕ್ಕೆ ಬರ ಇಲ್ಲ.

ಬರ ಇರುವುದು ಹಲಗೆಗೆ.

ಹಲಗೆ ಏಕೆ ಎಂದು ಕೇಳಿದರೆ ಗುಂಡಿ ಅಂಚಿನಲ್ಲಿ ಸಿಗುವ ಸಿದ್ಧ ಉತ್ತರ, "ಗಟ್ಟಿ ನೆಲ ಐತಿ ಬಿಡ್ರಿ, ಏನೂ ಆಗಲ್ಲ." ಈ ಗಟ್ಟಿ ನೆಲದ ಮಾತನ್ನೇ ಸ್ವಲ್ಪ ನೋಡಬೇಕು. ದಾವಣಗೆರೆ ಸೀಮೆಯಲ್ಲಿ ಎರೆಯೂ ಉಂಟು, ಕೆಂಪು ಮಸಾರಿಯೂ ಉಂಟು. ಬೇಸಿಗೆಯಲ್ಲಿ ಒಣಗಿದ ಎರೆಮಣ್ಣು ಕಲ್ಲಿನ ಹಾಗೆ. ಕಡಿದ ಗೋಡೆ ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗೆ ನಿಲ್ಲುತ್ತದೆ. ನೋಡಿದವರಿಗೆ ಧೈರ್ಯ. ಆದರೆ ಎರೆ ಒಣಗಿದಾಗ ಬಿರುಕು ಬಿಡುತ್ತದೆ ಎಂಬುದನ್ನು ಹೊಲ ಇದ್ದ ಯಾರಿಗೂ ಹೇಳಿಕೊಡಬೇಕಿಲ್ಲ. ಅಂಚಿನಿಂದ ಒಂದೆರಡು ಅಡಿ ಹಿಂದೆ, ಗುಂಡಿಯ ಉದ್ದಕ್ಕೇ ಬಿರುಕು ಓಡಿತೆಂದರೆ ಈಚೆಯ ಮಣ್ಣು ಆಗಲೇ ಹಿಂದಿನ ನೆಲದಿಂದ ಬೇರೆಯಾಗಿದೆ ಎಂದೇ ಅರ್ಥ. ಇನ್ನು ಒಂದು ಮಳೆ, ಒಂದು ಒಡೆದ ನಲ್ಲಿ ಪೈಪು, ಪಕ್ಕದಲ್ಲಿ ಹಾದುಹೋದ ಒಂದು ಭರ್ತಿ ಲಾರಿ ಸಾಕು. ನೀರು ಕುಡಿದ ಎರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಭಾರವೂ ಆಗುತ್ತದೆ. ನಿನ್ನೆ ನಿಂತಿತ್ತು ಎಂಬುದು ಇವತ್ತಿಗೆ ಸಾಕ್ಷಿ ಅಲ್ಲ.

ಪೇಟೆ ಬೀದಿಯಲ್ಲಿ ಇನ್ನೊಂದು ತೊಡಕು. ಅಲ್ಲಿಯ ನೆಲ ಹುಟ್ಟಾ ನೆಲ ಅಲ್ಲ. ನೀರಿನ ಪೈಪಿಗೆಂದು ಒಮ್ಮೆ, ಕೇಬಲ್ಲಿಗೆಂದು ಇನ್ನೊಮ್ಮೆ ಅಗೆದು ಮುಚ್ಚಿದ ಮಣ್ಣು. ಹೊಸ ಗುಂಡಿ ಹಳೇ ಗುಂಡಿಯ ಪಕ್ಕದಲ್ಲೇ ಬಂದರೆ ಮಧ್ಯೆ ಉಳಿಯುವುದು ತೆಳು ಗೋಡೆ, ಅದರ ಹಿಂದೆ ಸಡಿಲ ಮಣ್ಣು. ಮೇಲೆ ಡಾಂಬರು ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ.

ಹೊಲದಲ್ಲಿ ತೆರೆದ ಬಾವಿ ತೋಡಿ ಪಳಗಿದವರು ಮೇಲೆ ಅಗಲ, ಕೆಳಗೆ ಕಿರಿದು ಮಾಡಿಕೊಂಡು ಇಳಿಯುತ್ತಾರೆ. ಅವರಿಗೆ ಯಾವ ಸಂಹಿತೆಯೂ ಬೇಕಿಲ್ಲ. ಆದರೆ ಮಂಡಿಪೇಟೆ, ಚೌಕಿಪೇಟೆಯಂಥ ಕಡೆ 9 ಅಡಿ ಗುಂಡಿಗೆ ಎರಡೂ ಕಡೆ ಇಳಿಜಾರು ಕಡಿಯಹೊರಟರೆ ಅಂಗಡಿ ಮೆಟ್ಟಿಲೇ ಗುಂಡಿಯೊಳಗೆ ಬರುತ್ತದೆ. ಅಂಗಡಿಯವರು ಬಿಡುವುದಿಲ್ಲ, ಬಿಡಲೂ ಆಗದು. ಹಾಗಾಗಿ ಪೇಟೆಯ ಗುಂಡಿ ಕಿರಿದಾಗಿ, ನೆಟ್ಟಗೇ ಇಳಿಯಬೇಕು. ಅಂದಮೇಲೆ ಅಲ್ಲಿ ಆಸರೆ ಬಿಟ್ಟು ಬೇರೆ ದಾರಿಯೇ ಇಲ್ಲ. ಜಾಗ ಎಲ್ಲಿ ಕಡಿಮೆಯೋ ಅಲ್ಲೇ ಹಲಗೆ ಬೇಕು. ಅದೇ ಜಾಗದಲ್ಲಿ "ಹಲಗೆ ಇಳಿಸೋಕೆ ಜಾಗ ಇಲ್ಲ" ಎಂಬ ನೆಪವೂ ಕೇಳಿಬರುತ್ತದೆ!

ಮಣ್ಣಿನ ಗುಡ್ಡೆಯದೂ ಇದೇ ಕಥೆ. 9 ಅಡಿ ಗುಂಡಿಗೆ 5 ಅಡಿ ದೂರ ಗುಡ್ಡೆ ಹಾಕಲು ಬೀದಿ ಎಲ್ಲಿದೆ? ಟ್ರ್ಯಾಕ್ಟರಿಗೆ ತುಂಬಿ ಬೇರೆ ಕಡೆ ಸಾಗಿಸಬೇಕು, ಮುಚ್ಚುವಾಗ ವಾಪಸು ತರಬೇಕು. ಎರಡು ಸಲ ಬಾಡಿಗೆ. ಅದರ ಬದಲು ಅಂಚಿನಲ್ಲೇ ಸುರಿದರೆ ಬಾಡಿಗೆ ಉಳಿಯಿತು. ಮುಚ್ಚುವುದೂ ಸುಲಭ. ಆ ಗುಡ್ಡೆಯ ಭಾರವೆಲ್ಲ ಹೊರುವುದು, ಆಸರೆ ಇಲ್ಲದ ಅದೇ ಗೋಡೆ.

ಮೂರು ಕೈ ದಾಟಿದ ಹಲಗೆ

ಬೆಂಗಳೂರು ಬಿಟ್ಟು ರಾಜ್ಯದ ಇತರ ಊರುಗಳ ಒಳಚರಂಡಿ ಯೋಜನೆಗಳಿಗೆಂದು 1973ರ ಕಾಯ್ದೆಯಡಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. ಕೆಲಸ ಯಾವ ಇಲಾಖೆಯದೇ ಇರಲಿ, ಗುಂಡಿಯವರೆಗೆ ಬರುವ ದಾರಿ ಸಾಮಾನ್ಯವಾಗಿ ಒಂದೇ. ದೊಡ್ಡ ಗುತ್ತಿಗೆದಾರ ಸಣ್ಣವನಿಗೆ ಕೊಡುತ್ತಾನೆ, ಸಣ್ಣವನು ಮೇಸ್ತ್ರಿಗೆ. ಮೇಸ್ತ್ರಿ ಮಾತಾಡುವುದು ಇಷ್ಟು ಅಡಿ ಕೊಳವೆಗೆ ಇಷ್ಟು ರೂಪಾಯಿ ಎಂದು. ಹಲಗೆ ಹೊಡೆದು, ಅಡ್ಡತೊಲೆ ಕೊಟ್ಟು, ಜಾಕು ಬಿಗಿದು, ಮತ್ತೆ ಬಿಚ್ಚಿ ಮುಂದಕ್ಕೆ ಹೊರುವ ಹೊತ್ತಿನಲ್ಲಿ ಅವನ ಲೆಕ್ಕದ ಅಡಿ ಬೆಳೆಯುವುದಿಲ್ಲ. ಟೆಂಡರಿನ ದರದೊಳಗೆ ಆಸರೆಯ ಖರ್ಚು ಸೇರಿದ್ದರೂ ಮೂರು ಕೈ ದಾಟುವಷ್ಟರಲ್ಲಿ ಮೊದಲು ಉದುರುವುದು ಅದೇ. ಬಿಲ್ಲು ಬರೆಯುವ ಮುನ್ನ ಹಲಗೆ ನಿಂತದ್ದನ್ನು ಇಂಜಿನಿಯರು ಕಣ್ಣಾರೆ ಕಂಡರೋ ಇಲ್ಲವೋ ಎಂಬಲ್ಲಿಗೆ ಇಡೀ ಪ್ರಶ್ನೆ ಬಂದು ನಿಲ್ಲುತ್ತದೆ. ಗುಂಡಿ ಮುಚ್ಚಿದ ಮೇಲೆ ಕೊಳವೆಯನ್ನು ಪರೀಕ್ಷೆ ಮಾಡಬಹುದು. ಹಲಗೆ ಹಾಕಿದ್ದರೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ.

ಜೆ.ಸಿ.ಬಿ. ಬಂದಮೇಲೆ ಅಪಾಯ ಹೋಯಿತು ಎನ್ನುವವರೂ ಇದ್ದಾರೆ. ಅಗೆಯುವ ಶ್ರಮ ಹೋಯಿತು, ನಿಜ. ಹಾರೆ ಗುದ್ದಲಿಯವರ ಇಡೀ ದಿನದ ಕೆಲಸ ಅದಕ್ಕೆ ಗಳಿಗೆ ಕೆಲಸ. ನೋಡಲು ಜನ ಬೇರೆ ಸೇರುತ್ತಾರೆ. ಆದರೆ ತಳ ಸಮ ಮಾಡುವುದು, ಲೆವೆಲ್ ನೋಡುವುದು, ಕೊಳವೆಯ ಬಾಯಿ ಕೂಡಿಸುವುದು ಯಂತ್ರದ ಕೆಲಸ ಅಲ್ಲ. ಅದಕ್ಕೆ ಮನುಷ್ಯನೇ ಇಳಿಯಬೇಕು. ಹಿಂದೆ ಕೈಯಲ್ಲಿ ಅಗೆಯುವಾಗ ಮಣ್ಣಿನ ಗುಣ ಅಡಿ ಅಡಿಗೂ ಗುದ್ದಲಿಗೆ ತಿಳಿಯುತ್ತಿತ್ತು. ಈಗ ಇಳಿಯುವವನಿಗೆ ಸಿಗುವುದು ಬೇರೆಯವರು ಕಡಿದಿಟ್ಟ ಗೋಡೆ.

ಕುಸಿದರೆ ಏನಾಗುತ್ತದೆ? ಅಂಗಡಿಯವರ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಘನ ಮೀಟರು ಮಣ್ಣು ಸುಮಾರು 1,600 ಕಿಲೋ, ಅಂದರೆ 50 ಕಿಲೋದ 32 ಸಿಮೆಂಟ್ ಚೀಲ. ಎರಡು ಮೀಟರು ಉದ್ದ, ಒಂದೂವರೆ ಮೀಟರು ಎತ್ತರ, ಅರ್ಧ ಮೀಟರು ದಪ್ಪದ ಹೆಂಟೆ ಜಾರಿದರೆ 48 ಚೀಲ ಒಟ್ಟಿಗೆ ಬಿದ್ದ ಹಾಗೆ. ತಲೆ ಹೊರಗಿದ್ದರೂ ಎದೆಯವರೆಗೆ ಮಣ್ಣು ಬಿಗಿದರೆ ಸಾಕು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಸಂದಿಗೆ ಮಣ್ಣು ಇಳಿಯುತ್ತದೆ, ಮತ್ತೆ ಉಸಿರೆಳೆಯಲು ಜಾಗ ಇರುವುದಿಲ್ಲ. ಉಳಿಸಲು ಸಿಗುವುದು ಕೆಲವೇ ನಿಮಿಷ.

ಆ ನಿಮಿಷಗಳಲ್ಲಿ ಸುತ್ತ ಇರುವವರು ಅಂಗಡಿಯವರು, ಬಸ್ಸಿಗೆ ಕಾಯುವವರು. ಹಗ್ಗವಿಲ್ಲದೆ, ಆಸರೆಯಿಲ್ಲದೆ ಇನ್ನಿಬ್ಬರು ಧುಮುಕಿದರೆ ಎರಡನೇ ಕುಸಿತ ಅವರ ಮೇಲೆ ಬೀಳಬಹುದು. ಜೆ.ಸಿ.ಬಿ. ಬಕೆಟ್ಟು ಹಾಕಿ ತೋಡಿದರೆ ಒಳಗಿರುವವನಿಗೇ ತಗುಲೀತು. ಅಂಚಿಗೆ ಬಂದ ಯಂತ್ರದ ಭಾರಕ್ಕೆ ಇನ್ನಷ್ಟು ಮಣ್ಣು ಜಾರೀತು. ಎಂಜಿನ್ ನಿಲ್ಲಿಸಿ, ಆ ಬೀದಿಯಲ್ಲಿ ಲಾರಿ ಬಸ್ಸು ತಡೆದು, ಜನರನ್ನು ಅಂಚಿನಿಂದ ಹಿಂದೆ ಸರಿಸಿ, 101ಕ್ಕೋ 112ಕ್ಕೋ ಫೋನು ಮಾಡುವುದು ಮೊದಲ ಕೆಲಸ. ಅಗ್ನಿಶಾಮಕ ದಳ ಬರುವಷ್ಟರಲ್ಲಿ ಹಲಗೆ, ತೊಲೆ, ಏಣಿ ಕೈಗೆ ಸಿಗುವಂತಿದ್ದರೆ ಅರ್ಧ ಉಪಕಾರ. ಪೇಟೆಯಲ್ಲಿ ಮರದಂಗಡಿಗೆ ಕೊರತೆ ಇಲ್ಲ.

ಇನ್ನು ಅವಸರದ ಮಾತು. "ಬೇಗ ಮುಚ್ಚಿಸ್ರಿ, ಹಬ್ಬ ಬಂತು" ಎಂದು ವರ್ತಕರು ಒತ್ತುವುದುಂಟು. ವ್ಯಾಪಾರಿಗೆ ಹಬ್ಬದ ವಾರ ಎಂದರೆ ಏನು ಎಂಬುದು ತಿಳಿಯದ್ದಲ್ಲ. ಆದರೆ ಮುಚ್ಚುವುದಕ್ಕೂ ಕ್ರಮ ಉಂಟು. ಮಣ್ಣು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ, ಮಣ್ಣು ಏರಿದ ಹಾಗೆ ಕೆಳಗಿನಿಂದ ಒಂದೊಂದೇ ಅಡ್ಡತೊಲೆ ಬಿಚ್ಚುತ್ತ ಬರಬೇಕು. ಒಂದೇ ಸಲಕ್ಕೆ ಗುಡ್ಡೆ ನೂಕಿ ಮೇಲೆ ಜಲ್ಲಿ ಹರಡಿದರೆ ಹಬ್ಬ ಸಾಗುತ್ತದೆ. ಮಳೆಗಾಲದಲ್ಲಿ ಅದೇ ಗೆರೆಗುಂಟ ರಸ್ತೆ ಕುಳಿ ಬೀಳುತ್ತದೆ. ಆಗ ಅದರೊಳಗೆ ಇಳಿಯುವುದು ಬಸ್ಸಿನ ಚಕ್ರ.