ಕೃಷಿ ಹೊಂಡದ ನೀರು: ಇಂಗಿತೋ, ಆವಿಯಾಯಿತೋ?

ಬೇಸಿಗೆ ಸಮೀಪಿಸುತ್ತಿದ್ದಂತೆ ಬಯಲುಸೀಮೆಯ ಗ್ರಾಮ ಸಭೆಗಳಲ್ಲಿ ಒಂದು ದೂರು ಕೇಳಿಬರುವುದು ವಾಡಿಕೆ: ಹೊಂಡ ಸೋರುತ್ತಿದೆ, ಹೊದಿಕೆ ಬದಲಿಸಿಕೊಡಬೇಕು. ದೂರು ಕೆಲವೊಮ್ಮೆ ನಿಜವಾಗಿರುತ್ತದೆ. ಕೆಲವೊಮ್ಮೆ ನೀರು ಕೆಳಗಿಳಿದಿರುವುದಿಲ್ಲ, ಮೇಲೇರಿರುತ್ತದೆ. ಯಾವುದೆಂದು ತಿಳಿಯದೆ ಕ್ರಮ ಕೈಗೊಂಡಲ್ಲಿ ಹಣವೂ ವ್ಯಯವಾಗುತ್ತದೆ, ನೀರೂ ಉಳಿಯುವುದಿಲ್ಲ.

2014-15ನೇ ಸಾಲಿನಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ತರುವಾಯ ಮಳೆಯಾಶ್ರಿತ ಪ್ರದೇಶಗಳಲ್ಲಿ ಪಾಲಿಥೀನ್ ಹೊದಿಕೆಯ ಹೊಂಡಗಳು ಹೆಚ್ಚಿದವು. ಹೊದಿಕೆಯು ಇಂಗುವಿಕೆಯನ್ನು ತಡೆಯುತ್ತದೆಯೇ ಹೊರತು ಬಿಸಿಲನ್ನೂ ಗಾಳಿಯನ್ನೂ ಅಲ್ಲ. ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಮೇಲ್ಮೈಯಿಂದ ಒಂದು ಮಿಲಿಮೀಟರ್ ನೀರು ಆರಿದರೆ ನಷ್ಟ ಒಂದು ಲೀಟರ್. ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲವಿರುವ ತುಂಬಿದ ಹೊಂಡದಿಂದ ದಿನಕ್ಕೆ 7 ಮಿಲಿಮೀಟರ್ ಆವಿಯಾದರೆ (ನಮ್ಮ ಒಳನಾಡಿನ ಬೇಸಿಗೆಗೆ ಇದು ಅತಿಶಯವಲ್ಲ) ನಿತ್ಯ ಸುಮಾರು ಸಾವಿರ ಲೀಟರ್ ಹೋಗುತ್ತದೆ. ತಿಂಗಳಿಗೆ ಸುಮಾರು ಒಂದು ಗೇಣು ನೀರು ಇಳಿದಾಗ ರೈತನಿಗೆ ಸೋರಿಕೆಯ ಶಂಕೆ ಮೂಡುವುದು ಸಹಜವೇ.

ಪರೀಕ್ಷೆಗೆ ಒಂದು ಬಕೆಟ್ ಸಾಕು. ಅದಕ್ಕೆ ಹೊಂಡದ ನೀರನ್ನೇ ತುಂಬಿ, ಬಾಯಿ ಮಾತ್ರ ಮೇಲಿರುವಂತೆ ಹೊಂಡದ ಅಂಚಿನ ನೀರಿನಲ್ಲಿ ಕಲ್ಲಿನ ಆಧಾರದಿಂದ ನಿಲ್ಲಿಸಬೇಕು. ಹೊದಿಕೆ ಹರಿಯದಂತೆ ಕಲ್ಲಿನ ಕೆಳಗೆ ಗೋಣಿಚೀಲ ಹಾಸುವುದನ್ನು ಮರೆಯಬಾರದು. ಬಕೆಟ್ಟಿನ ಒಳಗೂ ಹೊರಗೂ ನೀರಿನ ಮಟ್ಟವನ್ನು ಗುರುತಿಸಿ, ಮೂರು ದಿನ ಪಂಪ್ ಚಾಲನೆ ಮಾಡದೆ, ದನಕರುಗಳನ್ನು ಬಿಡದೆ ಕಾಯಬೇಕು. ಮಳೆ ಬಂದರೆ ಹೊಸದಾಗಿ ಆರಂಭಿಸುವುದು ಒಳಿತು. ಎರಡೂ ಕಡೆ ಇಳಿಕೆ ಸಮನಾಗಿದ್ದರೆ ನೀರು ಆವಿಯಾಗಿದೆ. ಹೊಂಡದ ಮಟ್ಟವೇ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ಹೊದಿಕೆಯಲ್ಲಿ ದೋಷವಿದೆ. ರಭಸವಾಗಿ ಇಳಿಯುತ್ತಿದ್ದ ನೀರು ಒಂದು ಮಟ್ಟದಲ್ಲಿ ನಿಧಾನವಾದರೆ, ತೂತು ಆ ಮಟ್ಟದ ಆಸುಪಾಸಿನಲ್ಲಿಯೇ ಇರುವ ಸಂಭವ ಹೆಚ್ಚು. ಇಡೀ ಹೊದಿಕೆಯನ್ನು ಬದಲಿಸದೆ ತೇಪೆ ಹಾಕಬಹುದು. ಹೊದಿಕೆ ಕೋರಿದ ಅರ್ಜಿಗೆ ಶಿಫಾರಸು ಮಾಡುವ ಮುನ್ನ ಸದಸ್ಯರು ಈ ಫಲಿತಾಂಶವನ್ನು ಕೇಳುವುದು ಸೂಕ್ತ.

ಹೊದಿಕೆಯಿಲ್ಲದ ಕೆರೆ, ಇಂಗುಗುಂಡಿಗಳಿಗೆ ಈ ಮಾತು ಅನ್ವಯಿಸದು. ಅಲ್ಲಿ ಇಂಗಿದ ನೀರು ನೆರೆಯವರ ಬಾವಿಗಾದರೂ ಸೇರೀತು.

ಆವಿಯಾಗುವ ನೀರನ್ನು ಪೂರ್ಣವಾಗಿ ಉಳಿಸಲಾಗದು, ಮೇಲ್ಮೈಯನ್ನು ಕಿರಿದುಗೊಳಿಸಬಹುದು. ಅಗಲವಾದ ಆಳವಿಲ್ಲದ ಹೊಂಡಕ್ಕಿಂತ ಕಿರಿದಾದ ಆಳದ ಹೊಂಡ ಮೇಲು. ಒಬ್ಬನೇ ರೈತನ ಎರಡು ಹೊಂಡಗಳಲ್ಲಿ ಅರ್ಧರ್ಧ ನೀರಿದ್ದರೆ ಒಂದಕ್ಕೆ ಕೂಡಿಸುವುದು ಲಾಭಕರ. ಅಂತರಗಂಗೆ ಬೆಳೆದರೆ ನೀರಿಗೆ ನೆರಳಾಯಿತೆಂದು ಭಾವಿಸಬಾರದು, ಅದರ ಎಲೆಗಳೇ ನೀರನ್ನು ಹೊರಹಾಕುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಗಾರು ಕೈಕೊಟ್ಟಾಗ ಬೆಳೆಗೆ ಹಾಯಿಸದೆ ಏಪ್ರಿಲ್‌ಗೆಂದು ಕೂಡಿಟ್ಟ ನೀರಿನ ದೊಡ್ಡ ಪಾಲು ಸೂರ್ಯನಿಗೇ ಸಲ್ಲುತ್ತದೆ.

ನೆರಳು ಪರದೆ ಹೊದಿಸಿದರೆ ಬಿಸಿಲೂ ಗಾಳಿಯೂ ತಗ್ಗಿ ನಷ್ಟ ಇಳಿಯುತ್ತದೆ. ಆದರೆ ಪರದೆಯ ಕೆಳಗಿನ ನೀರು ಮಕ್ಕಳ ಕಣ್ಣಿಗೆ ಬೀಳದು. ಆದುದರಿಂದ ಸುತ್ತ ತಂತಿ ಬೇಲಿ ಮತ್ತು ಹೊಂಡದೊಳಕ್ಕೆ ಇಳಿಬಿಟ್ಟ ಗಂಟುಹಗ್ಗ ಇಲ್ಲದಿರುವ ಹೊಂಡಕ್ಕೆ ಪರದೆ ಹಾಕಿಸಬಾರದು.