ಮುತ್ಯಾನ ಚೀಲದಲ್ಲಿ ಎಷ್ಟು ಗುಳಿಗೆ?

ಇಂಡಿ ತಾಲ್ಲೂಕಿನ ಲಚ್ಯಾಣ ನೆನಪಿದೆಯಲ್ಲ? 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಮಗು ಬದುಕಿ ಬರಲಿ ಅಂತ ನಾವೆಲ್ಲ ಟಿವಿ ಮುಂದೆ ಕಾದು ಕೂತಿದ್ವಿ. ಬದುಕಿ ಬಂತು. ಆದರೆ ಅಂಥದೇ ಊರುಗಳ ಮುತ್ಯಾಂದಿರ ಅಪಾಯಕ್ಕೆ ನಮ್ಮ ಕ್ಯಾಮೆರಾ ಹೋಗಲ್ಲ.

ಶುಗರ್‌ಗೆ ಇಂಡಿಯಲ್ಲೊಬ್ಬ ಡಾಕ್ಟರು, ವಿಜಯಪುರದಲ್ಲಿ ಇನ್ನೊಬ್ಬರು. ಮೊಣಕಾಲು ನೋವಿಗೆ ರೈಲು ಹತ್ತಿ ಸೊಲ್ಲಾಪುರ. ಮೂರು ಚೀಟಿ. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಲ್ಲಿ ಹೊಟ್ಟೆ ಸೇರಿದರೆ ಶುಗರ್ ಕುಸಿಯಬಹುದು. ನೋವಿನ ಗುಳಿಗೆ ಬಿಪಿ ಏರಿಸಬಹುದು, ಕಿಡ್ನಿ ಕೆಡಿಸಬಹುದು. ಇಂಥ ಹಾನಿ ತಗ್ಗಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಭಿಯಾನ ಶುರುಮಾಡಿತು.

ನಾನು ಹೇಳೋದಿಷ್ಟೇ: ಎಲ್ಲ ಗುಳಿಗೆಗಳನ್ನೂ ಒಂದೇ ಚೀಲಕ್ಕೆ ಹಾಕಿ, ಪ್ರತಿ ಡಾಕ್ಟರ ಮುಂದೂ ಸುರಿಯಿರಿ. “ಇದರಲ್ಲಿ ಯಾವುದು ಬೇಡ?” ಅಂತ ಕೇಳಿ. ನೀವಾಗೇ ನಿಲ್ಲಿಸಬೇಡಿ. ಈ ರಕ್ಷಣೆಗೆ ಜೆಸಿಬಿ ಬೇಡ, ಜೊತೆಗೆ ಹೋಗುವ ಒಬ್ಬ ಮೊಮ್ಮಗ ಸಾಕು.