ಕೈಗೆ ಹೊಂದುವ ಕೀಬೋರ್ಡ್: ರೀಪರ್‌ನಲ್ಲಿ ಶಾರ್ಟ್‌ಕಟ್ ಬದಲಿಸಿಕೊಳ್ಳುವ ಬಗೆ

ಮನೆಯ ಒಂದು ಕೋಣೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುವವರು, ತಾಳಮದ್ದಳೆಯ ಧ್ವನಿಮುದ್ರಣವನ್ನು ಚೊಕ್ಕ ಮಾಡುವವರು, ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವವರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಅವರ ಪಕ್ಕದಲ್ಲಿ ಒಂದು ಗಂಟೆ ಕೂತು ನೋಡಿ. ಕೈ ಮಾಡುವುದು ಅದೇ ನಾಲ್ಕಾರು ಕೆಲಸ: ಕತ್ತರಿಸುವುದು, ಅಂಚು ಸವರುವುದು, ಹತ್ತಿರಕ್ಕೆ ತಂದು ನೋಡುವುದು, ಹಿಂದಕ್ಕೆ ಹೋಗಿ ಮತ್ತೆ ಕೇಳುವುದು. ಪ್ರತಿ ಸಲವೂ ಮೌಸ್ ಹಿಡಿದು ಮೆನು ತೆರೆದು ಆ ಕೆಲಸ ಹುಡುಕುತ್ತಿದ್ದರೆ ಕಿವಿಯ ಗಮನ ಹಾಡಿನಿಂದ ಜಾರಿ ಪರದೆಯ ಮೇಲೆ ಬೀಳುತ್ತದೆ. ಶಾರ್ಟ್‌ಕಟ್‌ನಿಂದ ಸಮಯ ಉಳಿಯುವುದು ನಿಜ. ಆದರೆ ನನ್ನ ಮಟ್ಟಿಗೆ ಅದರ ದೊಡ್ಡ ಲಾಭ ಕಿವಿ ಹಾಡಿನ ಮೇಲೇ ನಿಲ್ಲುವುದು.

ಸಂಗೀತ ಸಾಫ್ಟ್‌ವೇರ್‌ಗಳೆಲ್ಲ ಈ ವಿಷಯದಲ್ಲಿ ಒಂದೇ ತರಹ ಉದಾರವಾಗಿಲ್ಲ. ಲಾಜಿಕ್ ಪ್ರೊ, ಕ್ಯೂಬೇಸ್ ಎರಡರಲ್ಲೂ ಕೀ ಕಮಾಂಡ್‌ಗಳಿಗೇ ಪ್ರತ್ಯೇಕ ಕಿಟಕಿ ಇದೆ. ಆಬಲ್‌ಟನ್ ಲೈವ್‌ನಲ್ಲಿ ಪರದೆಯ ಮೇಲಿನ ಬಟನ್, ಗುಂಡಿಗಳಿಗೆ ಕೀ ಕೊಡಬಹುದು, ಮೆನುವಿನ ಶಾರ್ಟ್‌ಕಟ್‌ಗಳನ್ನು ಬದಲಿಸಲಾಗದು. ಕೊಟ್ಟ ಕೀಗಳು ಕೂಡ ಆಯಾ ಸೆಟ್‌ನ (ಪ್ರಾಜೆಕ್ಟ್ ಕಡತದ) ಜೊತೆಗೇ ಉಳಿಯುತ್ತವೆ. 1991ರಲ್ಲಿ ಬಂದ ಪ್ರೊ ಟೂಲ್ಸ್, ಬಳಕೆದಾರರು ತಮಗೆ ಬೇಕಾದ ಕೀ ಆರಿಸಿಕೊಳ್ಳಲು ಬಿಟ್ಟದ್ದು 2022ರಲ್ಲಿ. ಆ ಬಿಗಿಯಿಂದ ಒಂದು ಅನುಕೂಲವೂ ಇತ್ತು. ಬೆಂಗಳೂರಿನ ಸ್ಟುಡಿಯೋದಲ್ಲಿ ಪಳಗಿದ ಎಂಜಿನಿಯರ್ ಮುಂಬೈಯ ಇನ್ನೊಂದು ಸ್ಟುಡಿಯೋದಲ್ಲಿ ಕೂತರೂ ಅದೇ ಕೀ ಅದೇ ಕೆಲಸ ಮಾಡುತ್ತಿತ್ತು. ಬೇರೆಯವರ ಸ್ಟುಡಿಯೋಗಳಲ್ಲಿ ಹೆಚ್ಚು ಕೆಲಸ ಮಾಡುವವರು ಇದನ್ನು ಮರೆಯಬಾರದು. ಅವರು ಮೂಲ ಕೀಗಳನ್ನು ಮೊದಲು ಕಲಿತು, ಬದಲಾವಣೆಯನ್ನು ಕಡಿಮೆ ಇಟ್ಟುಕೊಳ್ಳುವುದೇ ಲೇಸು. ಸ್ವಂತ ಕಂಪ್ಯೂಟರಿನಲ್ಲೇ ಕೆಲಸ ಮಾಡುವವರಿಗೆ ಆ ಕಟ್ಟು ಇಲ್ಲ.

ಈ ಲೇಖನಕ್ಕೆ ರೀಪರ್ ಅನ್ನು ಆರಿಸಿಕೊಂಡಿದ್ದೇನೆ. ಹಿಂದೆ ವಿನ್‌ಆಂಪ್ ಮಾಡಿದ ಜಸ್ಟಿನ್ ಫ್ರಾಂಕಲ್ ಅವರ ಕಾಕೋಸ್ ಕಂಪನಿ ರೂಪಿಸಿದ ತಂತ್ರಾಂಶ ಇದು. 60 ದಿನ ಪೂರ್ಣವಾಗಿ ಬಳಸಿ ನೋಡಬಹುದು, ಆಮೇಲೆ ವ್ಯಕ್ತಿಗಳಿಗೆ ಪರವಾನಗಿ 60 ಡಾಲರ್. ಹಗುರಾದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಾನು ಕಂಡ ಸಂಗೀತ ಸಾಫ್ಟ್‌ವೇರ್‌ಗಳಲ್ಲಿ ತನ್ನನ್ನು ಇಷ್ಟು ಆಳಕ್ಕೆ ಬಿಚ್ಚಿ ಬದಲಿಸಲು ಬಿಡುವುದು ಇನ್ನೊಂದಿಲ್ಲ.

ಮೊದಲು ಒಳಗಿನ ವ್ಯವಸ್ಥೆ ತಿಳಿಯಬೇಕು. ರೀಪರ್ ಮಾಡಬಲ್ಲ ಪ್ರತಿ ಕೆಲಸಕ್ಕೂ ‘ಆಕ್ಷನ್’ ಎಂದು ಹೆಸರು. ಟ್ರ್ಯಾಕ್ ಸೇರಿಸುವುದು ಒಂದು ಆಕ್ಷನ್, ಮೆಟ್ರೊನೋಮ್ ಆನ್ ಮಾಡುವುದು ಇನ್ನೊಂದು. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಇದೆ. ಮೆನುವಿನ ಸಾಲು, ಟೂಲ್‌ಬಾರಿನ ಬಟನ್, ಕೀ, ಮಿಡಿ ಕೀಬೋರ್ಡಿನ ಗುಂಡಿ ಎಲ್ಲವೂ ಆ ಆಕ್ಷನ್ ಅನ್ನು ಕರೆಯುವ ದಾರಿಗಳು ಅಷ್ಟೆ. ಆದ್ದರಿಂದ ಶಾರ್ಟ್‌ಕಟ್ ಬದಲಿಸುವುದು ಎಂದರೆ ಕೀಗೂ ಆಕ್ಷನ್‌ಗೂ ನಡುವಿನ ಗಂಟನ್ನು ಬಿಚ್ಚಿ ಬೇರೆ ಕಡೆ ಕಟ್ಟುವುದು. ಆಕ್ಷನ್‌ಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿ. ಆಕ್ಷನ್ ಲಿಸ್ಟ್ ತೆರೆಯುತ್ತದೆ. ಉದ್ದದ ಪಟ್ಟಿ ಕಂಡು ಗಾಬರಿ ಬೇಡ, ಮೇಲಿನ ಖಾನೆಯಲ್ಲಿ ಒಂದೆರಡು ಪದ ಬರೆದರೆ ಸಂಬಂಧಪಟ್ಟವು ಮಾತ್ರ ಉಳಿಯುತ್ತವೆ. ‘ಟ್ರಿಮ್ ಲೆಫ್ಟ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಆಯ್ದ ಆಡಿಯೋ ತುಂಡಿನ ಎಡ ಅಂಚನ್ನು ಕರ್ಸರ್‌ವರೆಗೆ ಸವರುವ ಆಕ್ಷನ್ ಸಿಗುತ್ತದೆ. ಅದನ್ನು ಆಯ್ದು ಕೆಳಗಿನ ‘ಆಡ್’ ಒತ್ತಿ, ಬೇಕಾದ ಕೀ ಒತ್ತಿ, ಓಕೆ ಕೊಡಿ. ಆ ಕೀ ಈಗಾಗಲೇ ಬೇರೆ ಕೆಲಸಕ್ಕೆ ಸೇರಿದ್ದರೆ ರೀಪರ್ ತಾನೇ ಹೇಳಿ, ಬದಲಿಸಬೇಕೇ ಎಂದು ಕೇಳುತ್ತದೆ. ಒಂದು ಕೀ ಏನು ಮಾಡುತ್ತದೆಂದು ಮೊದಲೇ ತಿಳಿಯಬೇಕಿದ್ದರೆ ಅಲ್ಲೇ ‘ಫೈಂಡ್ ಶಾರ್ಟ್‌ಕಟ್’ ಇದೆ. ಅದನ್ನು ಒತ್ತಿ ಕೀ ಒತ್ತಿದರೆ ಸಾಕು.

ಯಾವ ಕೀಗೆ ಯಾವ ಕೆಲಸ? ಇಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಬಲಗೈ ಮೌಸ್ ಮೇಲಿರುವವರಿಗೆ ಎಡಗೈ ಬೆರಳು ಸಹಜವಾಗಿ ಕೂರುವ ಜಾಗವೇ ಬೆಲೆಯುಳ್ಳ ನಿವೇಶನ. ಅಲ್ಲಿ ಅತಿ ಹೆಚ್ಚು ಮಾಡುವ ಕೆಲಸಗಳಿಗೆ ಮಾತ್ರ ಜಾಗ. ರೀಪರ್‌ನಲ್ಲಿ ತುಂಡು ಕತ್ತರಿಸಲು ‘ಎಸ್’ ಕೀ ಮೊದಲಿನಿಂದಲೇ ಇದೆ. ಅದರ ಎಡಕ್ಕಿರುವ ‘ಎ’ಗೆ ಎಡ ಅಂಚು ಸವರುವುದನ್ನೂ ಬಲಕ್ಕಿರುವ ‘ಡಿ’ಗೆ ಬಲ ಅಂಚು ಸವರುವುದನ್ನೂ ಕೊಡಿ. ಮೂರು ಬೆರಳು, ಮೂರು ಕತ್ತರಿ. ಎಡಕ್ಕೆ ಎಡ, ಬಲಕ್ಕೆ ಬಲ ಆದ್ದರಿಂದ ನೆನಪಿಡುವ ಶ್ರಮವೂ ಇಲ್ಲ. ಹಾಡುಗಾರಿಕೆಯ ಟ್ರ್ಯಾಕಿನಲ್ಲಿ ಸಾಲುಗಳ ನಡುವಿನ ಕೆಮ್ಮು, ಪುಟ ತಿರುಗಿಸಿದ ಸದ್ದು, ಫ್ಯಾನಿನ ಗುಂಯ್‌ಗುಡುವಿಕೆ ತೆಗೆಯುವ ಕೆಲಸ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಕಂಟ್ರೋಲ್, ಶಿಫ್ಟ್, ಆಲ್ಟ್ ಮೂರನ್ನೂ ಒಟ್ಟಿಗೆ ಒತ್ತುವ ಶಾರ್ಟ್‌ಕಟ್‌ಗಳು ದಿನಕ್ಕೊಮ್ಮೆ ಮಾಡುವ ಕೆಲಸಗಳಿಗಿರಲಿ. ನಿಮಿಷಕ್ಕೆ ಹತ್ತು ಸಲ ಮಾಡುವುದಕ್ಕೆ ಅವನ್ನು ಇಟ್ಟುಕೊಂಡರೆ ಮಣಿಕಟ್ಟು ನೋಯುತ್ತದೆ.

ಒಂದೇ ದಿನ ಮೂವತ್ತು ಕೀ ಬದಲಿಸಿದವರು ಮರುದಿನ ಹಳೆಯದನ್ನೂ ಹೊಸದನ್ನೂ ಮರೆತು ಕೂರುತ್ತಾರೆ. ಕೆಲಸ ಮಾಡುವಾಗ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಯಾವುದಕ್ಕೆ ಪದೇ ಪದೇ ಮೆನು ತೆರೆದಿರಿ ಎಂಬುದನ್ನು ಗುರುತು ಹಾಕಿ. ಚೀಟಿಯಲ್ಲಿ ಮೇಲೆ ನಿಂತ ಎರಡು ಮೂರನ್ನು ಮಾತ್ರ ಈ ವಾರ ಬದಲಿಸಿ. ಅವು ಬೆರಳಿಗೆ ಇಳಿದ ಮೇಲೆ ಮುಂದಿನವು.

ರೀಪರ್‌ನ ನಿಜವಾದ ಬಲ ಕಸ್ಟಮ್ ಆಕ್ಷನ್‌ನಲ್ಲಿದೆ. ಹಲವು ಆಕ್ಷನ್‌ಗಳನ್ನು ಸಾಲಾಗಿ ಪೋಣಿಸಿ ಒಂದೇ ಕೀಗೆ ಕಟ್ಟಬಹುದು. ತಾವೇ ಹಾಡಿ ತಾವೇ ರೆಕಾರ್ಡ್ ಮಾಡಿಕೊಳ್ಳುವವರ ಕಷ್ಟವನ್ನೇ ತೆಗೆದುಕೊಳ್ಳಿ. ಪಲ್ಲವಿಯ ಎರಡನೇ ಸಾಲಿನಲ್ಲಿ ಶ್ರುತಿ ಜಾರಿತು. ಈಗ ನಿಲ್ಲಿಸಬೇಕು, ಹಾಳಾದ ರೆಕಾರ್ಡಿಂಗ್ ಅಳಿಸಬೇಕು, ಮೊದಲಿಗೆ ಹೋಗಬೇಕು, ಮತ್ತೆ ರೆಕಾರ್ಡ್ ಒತ್ತಬೇಕು. ಅಷ್ಟರಲ್ಲಿ ಹಾಡುವ ಮನಸ್ಸೇ ತಣ್ಣಗಾಗಿರುತ್ತದೆ. ಇದಕ್ಕೆ ಮೂರು ಆಕ್ಷನ್ ಸಾಕು. ಮೊದಲನೆಯದು ‘ಟ್ರಾನ್ಸ್‌ಪೋರ್ಟ್’ ಗುಂಪಿನಲ್ಲಿರುವ, ರೆಕಾರ್ಡ್ ಆದದ್ದನ್ನೆಲ್ಲ ಅಳಿಸಿ ನಿಲ್ಲಿಸುವ ಸ್ಟಾಪ್. ಎರಡನೆಯದು ಟೈಮ್ ಸೆಲೆಕ್ಷನ್‌ನ ಆರಂಭಕ್ಕೆ ಹೋಗುವುದು. ಮೂರನೆಯದು ರೆಕಾರ್ಡ್. ಆಕ್ಷನ್ ಲಿಸ್ಟ್‌ನಲ್ಲಿ ಹೊಸ ಕಸ್ಟಮ್ ಆಕ್ಷನ್ ತೆರೆದು ಈ ಮೂರನ್ನು ಇದೇ ಕ್ರಮದಲ್ಲಿ ಎಳೆದು ತನ್ನಿ, ‘ಮತ್ತೆ ಹಾಡು’ ಅಂತಲೋ ಏನೋ ಹೆಸರಿಡಿ, ಕೀ ಕೊಡಿ. ಹಾಡಬೇಕಾದ ಭಾಗವನ್ನು ಮೊದಲೇ ಟೈಮ್ ಸೆಲೆಕ್ಷನ್‌ನಿಂದ ಗುರುತಿಸಿಟ್ಟರೆ ಒಂದೇ ಒತ್ತಿಗೆ ಮತ್ತೆ ಅಲ್ಲಿಂದಲೇ ಶುರು.

ಎಚ್ಚರಿಕೆಯೊಂದಿದೆ. ಈ ಸ್ಟಾಪ್ ನಿಜಕ್ಕೂ ಅಳಿಸುತ್ತದೆ, ಕೇಳಿಕೊಂಡು ಕೂರುವುದಿಲ್ಲ. ಚೆನ್ನಾಗಿ ಬಂದ ಹಾಡು ಕೈತಪ್ಪಿನಿಂದ ಹೋಗಬಾರದೆಂದರೆ ಇದನ್ನು ಒಂಟಿ ಕೀಗೆ ಕೊಡಲೇಬೇಡಿ. ಎರಡು ಕೈ ಬೇಕಾಗುವಂಥ ಜೋಡಿ ಕೊಡಿ. ಬೆರಳಿಗೆ ಸುಲಭವಾಗಿಸುವುದು ಎಷ್ಟು ಮುಖ್ಯವೋ ಅಪಾಯದ ಕೆಲಸವನ್ನು ಬೆರಳಿನಿಂದ ದೂರ ಇಡುವುದೂ ಅಷ್ಟೇ ಮುಖ್ಯ. ಕಸ್ಟಮ್ ಆಕ್ಷನ್ ಕಟ್ಟುವ ಕಿಟಕಿಯಲ್ಲಿ ಅನ್‌ಡೂ ಹಂತಗಳನ್ನು ಒಂದಾಗಿಸುವ ಆಯ್ಕೆಯೂ ಇದೆ. ಸಂಪಾದನೆಯ ಕಸ್ಟಮ್ ಆಕ್ಷನ್‌ಗಳಿಗೆ ಅದನ್ನು ಹಾಕಿಡಿ, ಐದು ಹೆಜ್ಜೆಯ ಕೆಲಸ ಒಂದೇ ಕಂಟ್ರೋಲ್-ಝಡ್‌ಗೆ ಹಿಂದೆ ಸರಿಯುತ್ತದೆ.

ಶಾರ್ಟ್‌ಕಟ್ ಕೊಟ್ಟಾಯಿತು, ಆದರೆ ಕೆಲಸ ಮಾಡುತ್ತಿಲ್ಲ. ಹೊಸಬರ ಸಾಮಾನ್ಯ ದೂರು ಇದು. ಕೀ ಒತ್ತಿದ ಮೇಲೆ ಅದು ಸಾಗುವ ದಾರಿ ತಿಳಿದಿದ್ದರೆ ಕಾರಣ ಬೇಗ ಸಿಗುತ್ತದೆ. ಒತ್ತಿದ ಕೀಯನ್ನು ಮೊದಲು ನೋಡುವುದು ಆಪರೇಟಿಂಗ್ ಸಿಸ್ಟಂ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ‘ಎಲ್’, ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಸ್ಪೇಸ್ ರೀಪರ್‌ವರೆಗೆ ಬರುವುದೇ ಇಲ್ಲ. ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದನ್ನೂ ಗಮನಿಸಬೇಕು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡಿದ್ದರೆ ಎಡ ಆಲ್ಟ್ ಮತ್ತು ಶಿಫ್ಟ್ ಒತ್ತಿದಾಗ ಭಾಷೆ ಬದಲಾಗಬಹುದು. ಆ ಜೋಡಿಯ ಮೇಲೆ ಶಾರ್ಟ್‌ಕಟ್ ಇಟ್ಟುಕೊಂಡರೆ ಬೆರಳು ತುಸು ತಪ್ಪಿದರೂ ಕೀಬೋರ್ಡ್ ಕನ್ನಡಕ್ಕೆ ತಿರುಗುತ್ತದೆ. ಟ್ರ್ಯಾಕಿಗೆ ‘ಕೊಳಲು’, ‘ತಬಲಾ’ ಎಂದು ಕನ್ನಡದಲ್ಲಿ ಹೆಸರು ಬರೆದ ಮೇಲೆ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಮುಷ್ಕರ ಹೂಡಿದರೆ ಮೊದಲು ನೋಡಬೇಕಾದ್ದು ಇನ್‌ಪುಟ್ ಭಾಷೆಯನ್ನು. ಅಕ್ಷರ ಕೂಡಿಸಿ ಕನ್ನಡ ಮೂಡಿಸುವ ಟೈಪಿಂಗ್ ಸಾಧನಗಳು ಕೀಯನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲವು.

ಅದನ್ನು ದಾಟಿದ ಮೇಲೆ ಕೀ ತಲುಪುವುದು ಆ ಹೊತ್ತಿಗೆ ಗಮನದಲ್ಲಿರುವ ಕಿಟಕಿಗೆ. ಪ್ಲಗಿನ್ ಕಿಟಕಿ ತೆರೆದು ಅದರೊಳಗೆ ಕ್ಲಿಕ್ ಮಾಡಿದ್ದರೆ ಕೀ ಅದರ ಪಾಲಾಗಬಹುದು. ಎಫ್‌ಎಕ್ಸ್ ಕಿಟಕಿಯ ಮೆನುವಿನಲ್ಲಿ ಎಲ್ಲ ಕೀಗಳನ್ನೂ ಪ್ಲಗಿನ್‌ಗೇ ಕಳಿಸುವ ಆಯ್ಕೆ ಇದೆ, ಅದು ಆನ್ ಆಗಿದೆಯೇ ನೋಡಿ. ಕಂಪ್ಯೂಟರ್ ಕೀಗಳಿಂದಲೇ ಸ್ವರ ನುಡಿಸುವ ವರ್ಚುವಲ್ ಕೀಬೋರ್ಡ್ ತೆರೆದಿದ್ದರೂ ಇದೇ ಕಥೆ. ಕೊನೆಯದು ವಿಭಾಗ. ಆಕ್ಷನ್ ಲಿಸ್ಟ್‌ನಲ್ಲಿ ಮೇನ್, ಮಿಡಿ ಎಡಿಟರ್, ಮೀಡಿಯಾ ಎಕ್ಸ್‌ಪ್ಲೋರರ್ ಇತ್ಯಾದಿ ವಿಭಾಗಗಳಿವೆ, ಪ್ರತಿಯೊಂದಕ್ಕೂ ತನ್ನದೇ ಕೀಗಳು. ಮೇನ್‌ನಲ್ಲಿ ಕೊಟ್ಟದ್ದನ್ನು ಮಿಡಿ ಎಡಿಟರ್‌ನಲ್ಲಿ ನಿರೀಕ್ಷಿಸಿದರೆ ಸಿಗುವುದಿಲ್ಲ, ಅಲ್ಲಿಯೂ ಕೊಡಬೇಕು. ಈ ವಿಭಾಗಗಳಲ್ಲಿ ‘ಮೇನ್ ಆಲ್ಟ್ ರೆಕಾರ್ಡಿಂಗ್’ ಎಂಬುದು ನನಗೆ ಬಹಳ ಮೆಚ್ಚುಗೆ. ಅಲ್ಲಿ ಕೊಟ್ಟ ಕೀಗಳು ರೆಕಾರ್ಡಿಂಗ್ ನಡೆಯುವಾಗ ಮಾತ್ರ ಜಾರಿಯಲ್ಲಿರುತ್ತವೆ. ಏನೂ ಮಾಡದ ‘ನೋ-ಆಪ್’ ಎಂಬ ಆಕ್ಷನ್ ಅನ್ನು ಅಲ್ಲಿ ಅಪಾಯದ ಕೀಗಳಿಗೆ ಕೊಟ್ಟರೆ, ಕಛೇರಿ ರೆಕಾರ್ಡ್ ಆಗುತ್ತಿರುವಾಗ ಮೇಜಿನ ಮೇಲೆ ಯಾರದೋ ಕೈ ಬಿದ್ದರೂ ತೊಂದರೆ ಇಲ್ಲ.

ಕೀಗಳಾಚೆಗೆ ಪರದೆಯ ನಡವಳಿಕೆಯನ್ನೂ ತಿದ್ದಬಹುದು. ರೀಪರ್‌ನಲ್ಲಿ ಮೌಸ್ ಚಕ್ರ ತಿರುಗಿಸಿದರೆ ಅಡ್ಡಡ್ಡಲಾಗಿ ಝೂಮ್ ಆಗುತ್ತದೆ. ಬೇರೆಡೆಯಿಂದ ಬಂದವರಿಗೆ ಇದು ಕಿರಿಕಿರಿ. ಚಕ್ರವನ್ನೂ ಆಕ್ಷನ್ ಲಿಸ್ಟ್‌ನಲ್ಲಿ ಶಾರ್ಟ್‌ಕಟ್‌ನಂತೆಯೇ ಕೊಡಬಹುದು: ಲಂಬವಾಗಿ ಸ್ಕ್ರಾಲ್ ಮಾಡುವ ಆಕ್ಷನ್ ಆಯ್ದು, ಆಡ್ ಒತ್ತಿ, ಚಕ್ರ ತಿರುಗಿಸಿ. ಇನ್ನು ಝೂಮ್ ಯಾವ ಬಿಂದುವಿನ ಸುತ್ತ ಆಗಬೇಕು ಎಂಬುದು. ಕಂಟ್ರೋಲ್-ಪಿ ಒತ್ತಿ ಪ್ರಿಫರೆನ್ಸಸ್ ತೆರೆದರೆ ಅಪಿಯರೆನ್ಸ್ ಅಡಿಯಲ್ಲಿ ಇದು ಸಿಗುತ್ತದೆ. ಮೌಸ್ ಕರ್ಸರ್ ಎಂದು ಆಯ್ದುಕೊಂಡರೆ ನೀವು ನೋಡುತ್ತಿರುವ ಜಾಗವೇ ದೊಡ್ಡದಾಗುತ್ತದೆ. ಅಲ್ಲೇ ಎಡಿಟಿಂಗ್ ಬಿಹೇವಿಯರ್ ಅಡಿಯ ಮೌಸ್ ಮಾಡಿಫೈಯರ್ಸ್ ಪುಟದಲ್ಲಿ, ತುಂಡನ್ನು ಎಳೆದರೆ ಏನಾಗಬೇಕು, ಶಿಫ್ಟ್ ಒತ್ತಿ ಎಳೆದರೆ ಏನು, ಅಂಚು ಹಿಡಿದರೆ ಏನು ಎಂಬುದೆಲ್ಲ ಕೋಷ್ಟಕದಂತೆ ಇದೆ. ಪುಟ ಬಲು ದೊಡ್ಡದು. ಅಗತ್ಯ ಬಿದ್ದಾಗ ಒಂದೊಂದೇ ಸಾಲು ತಿದ್ದಿ. ಸುಮ್ಮನೆ ಕುತೂಹಲಕ್ಕೆ ಎಲ್ಲವನ್ನೂ ತಿರುವಿದರೆ ಆಮೇಲೆ ಯಾವುದು ಏನೆಂದು ತಿಳಿಯದು.

ದೃಷ್ಟಿ ಇಲ್ಲದ ಸಂಗೀತಗಾರರಿಗೆ ಕೀಬೋರ್ಡ್ ಅನುಕೂಲದ ಮಾತಲ್ಲ, ಕೆಲಸ ಮಾಡುವ ಮುಖ್ಯ ದಾರಿ. ಅವರಿಗಾಗಿ ಓಸಾರಾ ಎಂಬ ಮುಕ್ತ, ಉಚಿತ ವಿಸ್ತರಣೆ ಇದೆ. ಟ್ರ್ಯಾಕಿನ ಹೆಸರು, ಕರ್ಸರ್ ಇರುವ ಜಾಗ, ಆಗಿರುವ ಬದಲಾವಣೆಗಳನ್ನು ಅದು ಸ್ಕ್ರೀನ್ ರೀಡರ್ ಮೂಲಕ ಓದಿ ಹೇಳಿಸುತ್ತದೆ. ಓಸಾರಾಗೆ ತನ್ನದೇ ಕೀಮ್ಯಾಪ್, ಅಂದರೆ ಯಾವ ಕೀಗೆ ಯಾವ ಕೆಲಸ ಎಂಬ ಪಟ್ಟಿ, ಇದೆ. ಅಳವಡಿಸುವಾಗ ಈಗಿರುವ ಕೀಮ್ಯಾಪ್ ಬದಲಿಸಬೇಕೇ ಎಂದು ಕೇಳುತ್ತದೆ, ಆದ್ದರಿಂದ ಮೊದಲು ನಿಮ್ಮದನ್ನು ತೆಗೆದಿಟ್ಟುಕೊಂಡು ಮುಂದುವರಿಯಿರಿ. ಕೀಗಳನ್ನು ಬದಲಿಸಲು ಬಿಡದ ಸಾಫ್ಟ್‌ವೇರ್‌ನಲ್ಲಿ ಇಂಥ ವಿಸ್ತರಣೆ ಬೆಳೆಯುವುದು ಕಷ್ಟ. ತಂತ್ರಾಂಶ ಮಾಡುವವರು ಈ ಸ್ವಾತಂತ್ರ್ಯವನ್ನು ಚಟದವರ ಆಟವೆಂದು ಬದಿಗಿಡಬಾರದು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಕಡೆಯದಾಗಿ, ಮಾಡಿದ್ದನ್ನು ಉಳಿಸಿಕೊಳ್ಳುವುದು. ಬದಲಿಸಿದ ಕೀಗಳೆಲ್ಲ ‘ರೀಪರ್-ಕೆಬಿ’ ಎಂಬ ಹೆಸರಿನ ಸಾದಾ ಪಠ್ಯ ಕಡತದಲ್ಲಿರುತ್ತವೆ. ಮೌಸ್‌ಗೆ, ಮೆನುಗಳಿಗೆ ಬೇರೆ ಕಡತಗಳು. ಆಪ್ಷನ್ಸ್ ಮೆನುವಿನಲ್ಲಿ ರಿಸೋರ್ಸ್ ಪಾಥ್ ತೋರಿಸುವ ಸಾಲು ಒತ್ತಿದರೆ ಅವು ಇರುವ ಫೋಲ್ಡರ್ ತೆರೆಯುತ್ತದೆ. ಆಕ್ಷನ್ ಲಿಸ್ಟ್‌ನಿಂದ ಕೀಮ್ಯಾಪ್ ಅನ್ನಷ್ಟೇ ಹೊರತೆಗೆದರೆ ಸ್ನೇಹಿತರಿಗೆ ಕೊಡಬಹುದು. ಆದರೆ ಅದರಲ್ಲಿ ಸ್ಕ್ರಿಪ್ಟ್‌ಗಳ ಉಲ್ಲೇಖ ಮಾತ್ರ ಇರುತ್ತದೆ, ಸ್ಕ್ರಿಪ್ಟ್ ಇರುವುದಿಲ್ಲ. ಲುವಾ ಅಥವಾ ಪೈಥಾನ್‌ನಲ್ಲಿ ಬರೆದ ಸ್ಕ್ರಿಪ್ಟ್‌ಗಳನ್ನು ಕೀಗೆ ಕಟ್ಟಿದ್ದರೆ ಆ ಕಡತಗಳನ್ನೂ ಜೊತೆಗೆ ಕೊಡಬೇಕು. ಎಲ್ಲವೂ ಒಟ್ಟಿಗೆ ಬೇಕೆಂದರೆ ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಎಕ್ಸ್‌ಪೋರ್ಟ್ ಕಾನ್‌ಫಿಗರೇಷನ್ ಇದೆ.

ಮೊದಲ ಕೀ ಬದಲಿಸುವ ಮುನ್ನವೇ ಈಗಿರುವ ಸ್ಥಿತಿಯ ಒಂದು ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿಡಿ, ಪ್ರತಿ ದೊಡ್ಡ ಬದಲಾವಣೆಯ ನಂತರ ದಿನಾಂಕ ಸೇರಿಸಿ ಹೊಸ ಪ್ರತಿ ಇಡಿ. ಕಂಪ್ಯೂಟರ್ ಕೆಟ್ಟು ಹೊಸದು ತಂದ ದಿನ ಹತ್ತೇ ನಿಮಿಷದಲ್ಲಿ ನಿಮ್ಮ ಕೀಬೋರ್ಡ್ ನಿಮಗೆ ಮರಳಿ ಸಿಗುತ್ತದೆ.